14 ಪುಸ್ತಕ, 23 ಜೋಡಿ ಕೈ: ಒಂದು ಪ್ರಾಜೆಕ್ಟ್ ಮಂಡನೆಯ ಪ್ರಕರಣ

ದಕ್ಷಿಣ ಕನ್ನಡದ ಒಂದು ಕಾಲೇಜಿನಲ್ಲಿ ನಾನು ಎಂ.ಎ. ಸಮಾಜಶಾಸ್ತ್ರದ ಮಕ್ಕಳಿಗೆ ಪಾಠ ಮಾಡುತ್ತೇನೆ. ಕೊನೆಯ ಸೆಮಿಸ್ಟರ್‌ನಲ್ಲಿ ಎಲ್ಲರೂ ಒಂದು ಪ್ರಾಜೆಕ್ಟ್ ಮಾಡಬೇಕು. ವರದಿ ಬರೆದು ಬೈಂಡ್ ಮಾಡಿಸಿ ಕೊಟ್ಟರೆ ಮುಗಿಯಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರ ಮುಂದೆ, ಜೂನಿಯರ್‌ಗಳೂ ಕೂತಿರುವ ಹಾಲ್‌ನಲ್ಲಿ, 10 ನಿಮಿಷ ನಿಂತು ಹೇಳಬೇಕು, ಮತ್ತೆ 5 ನಿಮಿಷ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಇಲ್ಲಿ ಬರೆಯುತ್ತಿರುವುದು ಒಬ್ಬ ಹುಡುಗಿಯ ಮಂಡನೆಯ ಬಗ್ಗೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಅಂದಳು, ಹಾಗಾಗಿ ಹಾಕಿಲ್ಲ. ಅವಳ ಪ್ರಾಜೆಕ್ಟಿನಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಯಾವುದಿತ್ತೋ ಅದು ಅವಳ ಮೊದಲ ಸ್ಲೈಡ್‌ಗಳಲ್ಲಿ ಎಲ್ಲೂ ಇರಲಿಲ್ಲ. ಅದು ಕಳೆದುಹೋಗುವುದರಲ್ಲಿ ಗೈಡ್ ಆದ ನನ್ನ ಪಾಲೂ ಇತ್ತು. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲು ಅವಳು ತಂದ ವಿಷಯ 'ಯುವಜನರ ಮೇಲೆ ಸಾಮಾಜಿಕ ಜಾಲತಾಣದ ಪರಿಣಾಮ'. ಪ್ರತಿ ವರ್ಷ ನಾಲ್ಕೈದು ಮಂದಿ ಇದನ್ನೇ ತರುತ್ತಾರೆ. ನಾನು, "ನಿನ್ನ ಮನೆ ಸುತ್ತಮುತ್ತ ಏನು ನಡೀತಾ ಇದೆ, ಅದನ್ನು ಹೇಳು" ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, "ನಮ್ಮಲ್ಲಿ ಎಂತ ಉಂಟು ಮೇಡಂ, ಅಮ್ಮ ಬೀಡಿ ಕಟ್ಟುವುದು" ಅಂದಳು. ಆ ದನಿ ತಗ್ಗಿದ್ದು ನನಗೆ ಇವತ್ತಿಗೂ ನೆನಪಿದೆ.

ಮಂಗಳೂರು ಕಡೆಯವರಿಗೆ ಬೀಡಿ ಕೆಲಸ ಏನು ಅಂತ ವಿವರಿಸಬೇಕಿಲ್ಲ. ಬೇರೆ ಕಡೆಯವರಿಗಾಗಿ ಸ್ವಲ್ಪ ಹೇಳುತ್ತೇನೆ. ಕಂಪನಿಯವರು ಗುತ್ತಿಗೆದಾರರ ಮೂಲಕ ಎಲೆ, ಹೊಗೆಸೊಪ್ಪಿನ ಪುಡಿ, ನೂಲು ಕೊಡುತ್ತಾರೆ. ಊರಿನ ಬ್ರಾಂಚಿನಿಂದ ಹೆಂಗಸರು ಅದನ್ನು ಮನೆಗೆ ತರುತ್ತಾರೆ. ಎಲೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೆದುವಾದ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಸುತ್ತಾರೆ. ಮತ್ತೆ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಒಂದೊಂದೇ ಸುತ್ತಿ, ತುದಿ ಮಡಚಿ, ನೂಲು ಬಿಗಿಯುತ್ತಾರೆ. 25 ಬೀಡಿಗೆ ಒಂದು ಕಟ್ಟು, 40 ಕಟ್ಟಾದರೆ ಸಾವಿರ. ಮಜೂರಿ ಸಾವಿರದ ಲೆಕ್ಕದಲ್ಲಿ. ಬ್ರಾಂಚಿಗೆ ಒಯ್ದಾಗ ಸರಿಯಿಲ್ಲ ಅನಿಸಿದ್ದನ್ನು ಬದಿಗೆ ಹಾಕುತ್ತಾರೆ. ಕೊಟ್ಟ ಎಲೆ ಸಾಲದೆ ಹೋದರೆ ಕೈಯಿಂದ ದುಡ್ಡು ಹಾಕಿ ತರಬೇಕು. ಎಷ್ಟು ಕೊಟ್ಟರು ಅನ್ನುವುದನ್ನು ಒಂದು ಪುಸ್ತಕದಲ್ಲಿ ಬರೆಯುತ್ತಾರೆ. ನಮ್ಮ ಕ್ಲಾಸಿನಲ್ಲಿ ಕೂತ ಎಷ್ಟೋ ಹುಡುಗಿಯರ ಫೀಸು ಈ ಕಟ್ಟುಗಳಿಂದಲೇ ಬಂದದ್ದು.

ವಿಷಯ ನಿಂತಿತು: ಬೀಡಿ ಕಟ್ಟುವ ಹೆಂಗಸರ ಒಂದು ದಿನ. ವಿಧಾನಕ್ಕೆ ನಾವು ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯನ್ನು ಮಾದರಿಯಾಗಿ ಇಟ್ಟುಕೊಂಡೆವು. ಆ ಸಮೀಕ್ಷೆ 2019ರಲ್ಲಿ ದೇಶದ ಎಲ್ಲ ಕಡೆ ನಡೆಯಿತು. ಬೆಳಗಿನ ಜಾವ 4 ಗಂಟೆಯಿಂದ ಮಾರನೆ ದಿನ 4 ಗಂಟೆಯವರೆಗೆ, ಅರ್ಧರ್ಧ ಗಂಟೆಯ ಚೌಕಗಳು, ಪ್ರತಿ ಚೌಕದಲ್ಲಿ ಆ ಹೊತ್ತಿಗೆ ಏನು ಮಾಡಿದಿರಿ ಅಂತ ಬರೆಯಬೇಕು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಅಂತ ಗೊತ್ತಾದದ್ದು ಅದರಿಂದಲೇ. 2024ರಲ್ಲಿ ಮತ್ತೆ ಮಾಡಿದಾಗ 289 ಮತ್ತು 88 ಬಂತು. ನಮ್ಮ ಹುಡುಗಿ ಅದೇ ಚೌಕಟ್ಟನ್ನು ಒಂದು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ಮಾಡಿಕೊಂಡಳು. ನಡೆದು ಹೋಗುವಷ್ಟು ದೂರದಲ್ಲಿದ್ದ 14 ಮನೆಗಳನ್ನು ಆರಿಸಿಕೊಂಡಳು. ಸ್ವಂತ ಅಮ್ಮನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ನಾನೇ ಹೇಳಿದ್ದೆ.

ಎರಡು ತಿಂಗಳು ಓಡಾಡಿದಳು. ಮಾತೆಲ್ಲ ತುಳುವಿನಲ್ಲಿ. ಪ್ರಶ್ನಾವಳಿ ಕನ್ನಡದಲ್ಲಿ. ಸ್ಲೈಡ್ ಮಾತ್ರ ಇಂಗ್ಲಿಷಿನಲ್ಲಿ. ಇಂಗ್ಲಿಷೇ ಬೇಕು ಅಂತ ಯಾವ ನಿಯಮವೂ ಇರಲಿಲ್ಲ, ಕನ್ನಡದಲ್ಲೂ ಮಂಡಿಸಬಹುದಿತ್ತು. ಆದರೆ ಹೊರಗಿನ ಪರೀಕ್ಷಕರು ಬರುತ್ತಾರೆ, ಇಂಗ್ಲಿಷ್ ಆದರೆ ಒಳ್ಳೇದು ಅಂತ ನಾನು ಬಾಯ್ಮಾತಿಗೆ ಹೇಳಿಬಿಟ್ಟಿದ್ದೆ. ಅವಳು ಅದನ್ನು ವೇದವಾಕ್ಯ ಅಂತ ಹಿಡಿದುಕೊಂಡಳು.

ಮಂಡನೆಗೆ 12 ದಿನ ಮೊದಲು ನಾವು ಕ್ಲಾಸಿನಲ್ಲೇ ರಿಹರ್ಸಲ್ ಮಾಡಿದೆವು. ಅವಳದು 22 ಸ್ಲೈಡ್. ಮೊದಲನೆಯದು ಹೆಸರು, ಎರಡನೆಯದು ವಂದನೆ. ಮೂರರಿಂದ ಒಂಬತ್ತರವರೆಗೆ ವ್ಯಾಖ್ಯೆ, ಹಿಂದಿನ ಅಧ್ಯಯನಗಳು, ಉದ್ದೇಶಗಳು. ಕಣ್ಣು ಸ್ಲೈಡಿನ ಮೇಲೆ, ಬೆನ್ನು ನಮ್ಮ ಕಡೆ. ಆರು ನಿಮಿಷ ಆಯಿತು, ಇನ್ನೂ ಒಬ್ಬ ಹೆಂಗಸೂ ಬರಲಿಲ್ಲ. ಆಮೇಲೆ ಬಣ್ಣಬಣ್ಣದ ಒಂದು ವೃತ್ತ ಬಂತು. ಅದರಲ್ಲಿ 'ಗೃಹಿಣಿ 78.57%, ಬೀಡಿ ಕಾರ್ಮಿಕರು 21.43%' ಅಂತ ಇತ್ತು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೊದಲ ವರ್ಷದ ಹುಡುಗಿಯೊಬ್ಬಳು ಕೈ ಎತ್ತಿದಳು. "ಅಕ್ಕಾ, 14 ಜನಾನೂ ಬೀಡಿ ಕಟ್ಟುವವರೇ ಅಂತ ಆಗಲೇ ಹೇಳಿದ್ರಿ. ಮತ್ತೆ ಮುಕ್ಕಾಲುಪಾಲು ಗೃಹಿಣಿಯರು ಹೇಗೆ?"

ಇವಳು ನಿಂತಲ್ಲೇ ನಿಂತಳು. ವೃತ್ತ ನೋಡಿದಳು, ನನ್ನನ್ನು ನೋಡಿದಳು. "ಅವರೇ ಹಾಗೆ ಹೇಳಿದ್ದು" ಅಂತ ಮೆಲ್ಲಗೆ ಅಂದು ಮುಂದಿನ ಸ್ಲೈಡಿಗೆ ಹೋದಳು. ರಿಹರ್ಸಲ್ ಮುಗಿಯುವ ಹೊತ್ತಿಗೆ ಅವಳ ಕಣ್ಣಲ್ಲಿ ನೀರಿತ್ತು.

ಇಡೀ ಪ್ರಕರಣದಲ್ಲಿ ನನಗೆ ತುಂಬಾ ಮುಖ್ಯ ಅನಿಸುವುದು ಇದೇ ಹೊತ್ತು. ಜೂನಿಯರ್ ಕೇಳಿದ ಪ್ರಶ್ನೆಯನ್ನು ತಪ್ಪು ಹುಡುಕುವ ಪ್ರಶ್ನೆ ಅಂತ ತಿಳಿದು ನಾವು ಆ ಸ್ಲೈಡನ್ನು ತೆಗೆದುಹಾಕಿ ಮುಂದೆ ಹೋಗಬಹುದಿತ್ತು. ಸುಮ್ನೆ ಒಂದು ಕಾಲಂ ಸರಿ ಮಾಡಿ, 'ಬೀಡಿ ಕಾರ್ಮಿಕರು 100%' ಅಂತ ಹಾಕಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಎಷ್ಟೋ ಪ್ರಾಜೆಕ್ಟುಗಳಲ್ಲಿ ಹೀಗೇ ಆಗುತ್ತದೆ. ನಾನು ಅವಳನ್ನು ಸ್ಟಾಫ್ ರೂಮಿಗೆ ಕರೆದು, ಅವರು ಏನಂದರು ಅನ್ನುವುದು ಬರೆದದ್ದರಿಂದ ಬೇಡ, ರೆಕಾರ್ಡ್ ಮಾಡಿದ್ದನ್ನೇ ಕೇಳಿಸು ಅಂದೆ.

ಫೋನಿನಲ್ಲಿ ಕತ್ತರಿಯ ಸದ್ದು ಮೊದಲು ಬಂತು. ಒಂದೇ ಲಯದಲ್ಲಿ, ನಿಲ್ಲದೆ. ಹಿಂದೆ ಎಲ್ಲೋ ಕೋಳಿ ಕೂಗು. ಇವಳ ದನಿ ಕೇಳುತ್ತದೆ, "ಈರ್ ದಾದ ಬೇಲೆ ಮಲ್ಪುವರ್?" ನೀವು ಏನು ಕೆಲಸ ಮಾಡುತ್ತೀರಿ ಅಂತ. ಆ ಕಡೆಯಿಂದ, "ಬೇಲೆ ದಾಲ ಇಜ್ಜಿ." ಕೆಲಸ ಏನೂ ಇಲ್ಲ, ಮನೆಯಲ್ಲೇ ಇರುವುದು. ಒಂದು ಉಸಿರಿನಷ್ಟು ಬಿಟ್ಟು, ಬೀಡಿ ಕಟ್ಟುತ್ತೇನೆ ಅಂತ ಒಂದು ಮಾತು. ಇಷ್ಟು ಹೇಳುವಾಗಲೂ ಕತ್ತರಿಯ ಸದ್ದು ನಿಂತಿಲ್ಲ.

14ರಲ್ಲಿ 11 ಮಂದಿ ಹೆಚ್ಚುಕಡಿಮೆ ಹೀಗೇ ಹೇಳಿದ್ದರು. ಪ್ರಶ್ನಾವಳಿಯಲ್ಲಿ 'ಉದ್ಯೋಗ' ಅನ್ನುವುದರ ಎದುರು ಒಂದೇ ಒಂದು ಖಾಲಿ ಜಾಗ ಇತ್ತು. ಮೊದಲ ಮಾತು ಅದರಲ್ಲಿ 'ಗೃಹಿಣಿ' ಅಂತ ಕೂತಿತು, ಎರಡನೆಯ ಮಾತಿಗೆ ಜಾಗ ಸಿಗಲಿಲ್ಲ. ತುಳುವಿನ 'ಬೇಲೆ' ಕನ್ನಡದ ಫಾರಂನಲ್ಲಿ 'ಉದ್ಯೋಗ' ಆಯಿತು. ಅದು ಇಂಗ್ಲಿಷಿಗೆ ಹೋದ ಮೇಲೆ ಆ ಮನೆಗಳ ವಾಸನೆಯೇ ಅದರಲ್ಲಿ ಉಳಿಯಲಿಲ್ಲ. ಆ ಹೆಂಗಸರ ಬಾಯಲ್ಲಿ ಬೇಲೆ ಅಂದರೆ ಬೆಳಿಗ್ಗೆ ಸೀರೆ ಉಟ್ಟು, ಬಸ್ಸು ಹಿಡಿದು, ಹೊರಗೆ ಹೋಗಿ ಬರುವುದು. ತಡ್ಪೆ ಮಡಿಲಲ್ಲಿ ಇಟ್ಟುಕೊಂಡು ಜಗಲಿಯಲ್ಲಿ ಮಾಡುವುದು ಬೇಲೆ ಅಲ್ಲ, ಅದು 'ಬೀಡಿ'. ಅಷ್ಟೇ. ಈ ವ್ಯತ್ಯಾಸವೇ ಅವಳ ಸಂಶೋಧನೆ ಕಂಡುಕೊಂಡ ವಿಷಯ, ಅಲ್ವಾ? ಎರಡು ತಿಂಗಳು ಕೇಳಿ ಕೇಳಿ ಅವಳ ಕಿವಿಗೆ ಅದು ಎಷ್ಟು ಮಾಮೂಲಾಗಿತ್ತು ಅಂದರೆ, ಹೇಳಬೇಕಾದ ಸಂಗತಿ ಅಂತ ಅವಳಿಗೆ ಅನಿಸಿಯೇ ಇರಲಿಲ್ಲ. ಚಿಕ್ಕಂದಿನಿಂದ ಅಮ್ಮನ ಬಾಯಲ್ಲೂ ಅದೇ ಮಾತು ಕೇಳಿ ಬೆಳೆದವಳು ಅವಳು.

ಆಮೇಲೆ ಓದಿದ್ದೆಲ್ಲ ಬೇರೆ ಥರ ಕಾಣತೊಡಗಿತು. 1966ರಲ್ಲಿ ಬಂದ, 2025ರಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಯಾಗುವವರೆಗೆ ಇದ್ದ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಅವಳು ಮೊದಲ ಸಲ ಬರೀ ವರ್ಷಕ್ಕಾಗಿ ಸ್ಲೈಡಿಗೆ ಹಾಕಿದ್ದಳು. ಈಗ ಅದರ ಒಳಗೆ ನೋಡಿದಾಗ, ಮಾಲೀಕ ಅಥವಾ ಗುತ್ತಿಗೆದಾರ ಕಚ್ಚಾ ಸಾಮಾನು ಕೊಟ್ಟು ಮನೆಯಲ್ಲಿ ಬೀಡಿ ಮಾಡಿಸಿಕೊಂಡರೆ ಆ ಮನೆಯಲ್ಲಿ ಕೂತವರೂ ಕಾರ್ಮಿಕರೇ ಅಂತ ಬರೆದಿತ್ತು. ಜನಗಣತಿಯಲ್ಲೂ ಮನೆಯ ಕೈಗಾರಿಕೆಯಲ್ಲಿ ದುಡಿಯುವವರು ಅಂತ ಬೇರೆ ಕಾಲಂ ಇದೆ. ಅಂದರೆ ಆ ಕಾಯ್ದೆಗೆ ಅವರು ಕಾಣುತ್ತಿದ್ದರು, ಜನಗಣತಿಗೆ ಕಾಣಲು ದಾರಿ ಇದೆ, ಆದರೆ ಯಾರಾದರೂ ಮನೆ ಬಾಗಿಲಿಗೆ ಬಂದು ಏನು ಕೆಲಸ ಅಂತ ಕೇಳಿದರೆ ಅವರೇ ಇಲ್ಲ ಅನ್ನುತ್ತಾರೆ. ಕೇಳಿದವರು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ನಮ್ಮ ಹುಡುಗಿಯೂ ಹಾಗೇ ಮಾಡಿದ್ದಳು, ಅದೂ ಆ ಜಗಲಿಯಲ್ಲೇ ಆಡಿ ಬೆಳೆದವಳು.

ಇನ್ನು ಪುಸ್ತಕದ ವಿಷಯ. ಅವಳ ಸ್ಲೈಡ್‌ಗಳಲ್ಲಿ ಒಂದು ಫೋಟೋ ಇತ್ತು. ಮೂಲೆ ಸವೆದ, ಹೊಗೆಸೊಪ್ಪಿನ ಪುಡಿ ಹತ್ತಿದ ಒಂದು ಲೆಕ್ಕದ ಪುಸ್ತಕ. ಅದರ ಮೇಲೆ ಹೆಂಗಸಿನ ಹೆಸರು, ನಂಬರು ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ರಿಹರ್ಸಲ್‌ನಲ್ಲಿ ಯಾರೂ ಅದನ್ನು ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ಮಾರನೆ ದಿನ ಅವಳೇ ಬಂದು ಹೇಳಿದಳು. ಆ ಪುಸ್ತಕ ಒಬ್ಬರ ಹೆಸರಲ್ಲಿ ಇದೆ, ಆದರೆ ಅದಕ್ಕೆ ಬೀಡಿ ಕಟ್ಟುವವರು ಮೂವರು. ಅತ್ತೆ ಎಲೆ ಕತ್ತರಿಸುತ್ತಾರೆ, ಸೊಸೆ ಸುತ್ತುತ್ತಾಳೆ, ಕಾಲೇಜಿಗೆ ಹೋಗುವ ಮಗಳು ಸಂಜೆ ಕೂತು ನೂಲು ಬಿಗಿಯುತ್ತಾಳೆ. ಈ ಫೋಟೋ ಯಾರ ಕೈಗಾದರೂ ಹೋದರೆ ಆ ಮನೆಗೆ ತೊಂದರೆ ಆಗಬಹುದು. ನಾವು ಫೋಟೋವನ್ನು ಆ ಕ್ಷಣದಲ್ಲೇ ತೆಗೆದೆವು. ಅಮ್ಮಂದಿರ, ಪಕ್ಕದ ಮನೆಯವರ ಫೋಟೋ ಹಾಕುವಾಗ ಮಕ್ಕಳಿಗೆ ಇದು ಹೊಳೆಯುವುದಿಲ್ಲ. ನಮ್ಮವರೇ ತಾನೇ ಅನಿಸುತ್ತದೆ. ನಮ್ಮವರು ಅನ್ನುವ ಕಾರಣಕ್ಕೇ ಜಾಸ್ತಿ ನೋಡಿಕೊಳ್ಳಬೇಕು.

ಆ ಫೋಟೋ ತೆಗೆಯುವಾಗ ಅವಳಿಗೆ ಇನ್ನೊಂದು ಹೊಳೆಯಿತು. ಪ್ರತಿ ಮನೆಯಲ್ಲೂ ಪುಸ್ತಕ ಒಂದೇ. ಕೈಗಳು ಎಷ್ಟು? ಟಿಪ್ಪಣಿಗಳನ್ನು ಮತ್ತೆ ತಿರುವಿ ಎಣಿಸಿದಳು. 14 ಪುಸ್ತಕಗಳ ಹಿಂದೆ 23 ಜನ ಇದ್ದರು. ಕೆಲಸದ ಲೆಕ್ಕ ಇರುವ ಒಂದೇ ಕಾಗದದಲ್ಲಿ ಒಂಬತ್ತು ಮಂದಿಯ ಗುರುತೇ ಇರಲಿಲ್ಲ.

ಉಳಿದ ದಿನಗಳಲ್ಲಿ ನಾವು ಮಾಡಿದ್ದನ್ನು ಹೇಳುತ್ತೇನೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಒಂದು ಸ್ಪರ್ಧೆ ಶುರುವಾಯಿತು. ಪಿಎಚ್‌.ಡಿ. ಮಾಡುವವರು ತಮ್ಮ ಇಡೀ ಸಂಶೋಧನೆಯನ್ನು ಮೂರೇ ನಿಮಿಷದಲ್ಲಿ, ಒಂದೇ ಸ್ಲೈಡ್ ಇಟ್ಟುಕೊಂಡು, ವಿಷಯ ಗೊತ್ತಿಲ್ಲದವರಿಗೂ ಅರ್ಥವಾಗುವ ಹಾಗೆ ಹೇಳಬೇಕು. ಈಗ ಅದು ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ನಾನು ಅವಳಿಗೆ ಆ ಒಂದು ಸ್ಲೈಡೂ ಕೊಡಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಸಿ, ಮೂರು ನಿಮಿಷ, ಕನ್ನಡದಲ್ಲಿ, ನನ್ನ ಮುಖ ನೋಡಿ ಹೇಳು ಅಂದೆ. ಮೊದಲ ಸಲ ಒಂದೂವರೆ ನಿಮಿಷಕ್ಕೆ ನಿಂತುಹೋಯಿತು. ಎರಡನೆಯ ಸಲ 'ಪ್ರಸ್ತುತ ಅಧ್ಯಯನದ ಉದ್ದೇಶ' ಅಂತ ಶುರು ಮಾಡಿದಳು. ನಿಲ್ಲಿಸಿದೆ. ಮೂರನೆಯ ಸಲ ಸ್ವಲ್ಪ ಹೊತ್ತು ಏನೂ ಹೇಳದೆ ನಿಂತು, ಆಮೇಲೆ ಅಂದಳು: "ನಾನು 14 ಮಂದಿ ಹೆಂಗಸರನ್ನು ಏನು ಕೆಲಸ ಮಾಡುತ್ತೀರಿ ಅಂತ ಕೇಳಿದೆ. 11 ಮಂದಿ ಕೆಲಸ ಇಲ್ಲ ಅಂದರು. ಹಾಗೆ ಹೇಳುವಾಗ ಅವರ ಕೈಯಲ್ಲಿ ಬೀಡಿ ಇತ್ತು."

ಅದೇ ಅವಳ ಮೊದಲ ವಾಕ್ಯ ಆಯಿತು. ವ್ಯಾಖ್ಯೆಗಳು ವರದಿಯಲ್ಲೇ ಉಳಿದವು. 22 ಸ್ಲೈಡ್ ಹೋಗಿ ಐದು ಉಳಿದವು. ಶೇಕಡಾ ಲೆಕ್ಕವನ್ನೆಲ್ಲ ತೆಗೆಸಿದೆ. 14 ಜನರನ್ನು ಮಾತಾಡಿಸಿ 78.57 ಅಂತ ಬರೆದರೆ ಆ ಎರಡು ದಶಮಾಂಶ ಏನನ್ನು ಹೇಳುತ್ತದೆ? 14ರಲ್ಲಿ 11 ಅಂದರೆ ಕೇಳುವವರಿಗೆ ಮನುಷ್ಯರು ಕಾಣುತ್ತಾರೆ, ಸಂಖ್ಯೆ ಚಿಕ್ಕದು ಅನ್ನುವುದೂ ಮುಚ್ಚಿಹೋಗುವುದಿಲ್ಲ.

ಐದರಲ್ಲಿ ಒಂದು ಸ್ಲೈಡ್ ಬಗ್ಗೆ ಹೇಳಲೇಬೇಕು. ಅದು ಅವಳು ಕೈಯಲ್ಲಿ ಗೆರೆ ಎಳೆದ ಹಾಳೆಯ ಫೋಟೋ, ಒಬ್ಬರ ಒಂದು ದಿನ. ಹೆಸರಿಲ್ಲ. ಬೆಳಿಗ್ಗೆ 6ರಿಂದ 6.30ರ ಚೌಕದೊಳಗೆ ಇರುವೆ ಸಾಲಿನ ಹಾಗೆ ಅಕ್ಷರ: ಒಲೆ ಮೇಲೆ ಕುಚ್ಚಲಕ್ಕಿ ಗಂಜಿ, ಎಲೆ ಕತ್ತರಿಸುವುದು, ಮಗನಿಗೆ ಮಗ್ಗಿ ಹೇಳಿಸುವುದು. ಮೂರೂ ಒಟ್ಟಿಗೆ. ಅದಕ್ಕೆ ಜಾಗ ಸಾಲದೆ ಅಂಚಿಗೆ ಬಾಣ ಎಳೆದು, 'ನಡುವೆ ದನಕ್ಕೆ ನೀರು' ಅಂತ ಬರೆದಿದ್ದಳು. ಮೊದಲು ಇದನ್ನು ಕಂಪ್ಯೂಟರಿನಲ್ಲಿ ಚೆಂದ ಮಾಡಿ, ಒಂದು ಚೌಕಕ್ಕೆ ಒಂದೇ ಬಣ್ಣ ತುಂಬಿ ಹಾಕಿದ್ದಳು. ಆ ಚೆಂದದ ಚಿತ್ರದಲ್ಲಿ 6 ಗಂಟೆಗೆ ಬರೀ 'ಅಡುಗೆ' ಇತ್ತು. ಬೀಡಿ ಮಾಯ. ಅಸಲು ಹಾಳೆಯನ್ನೇ ಹಾಕೋಣ ಅಂದಾಗ ಅವಳಿಗೆ ನಾಚಿಕೆ, ಅಕ್ಷರ ಚೆನ್ನಾಗಿಲ್ಲ ಅಂತ. ಒಪ್ಪಿಸುವುದಕ್ಕೆ ಎರಡು ದಿನ ಹಿಡಿಯಿತು.

ಮಂಡನೆಯ ದಿನ ಅವಳ ಸರದಿ ಊಟದ ನಂತರ ಬಂತು. ಹಾಲ್‌ನಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಮೊದಲ ವಾಕ್ಯ ಹೇಳಿ ಅವಳು ಕತ್ತರಿಯ ಸದ್ದನ್ನು ಹತ್ತು ಸೆಕೆಂಡ್ ಕೇಳಿಸಿದಳು. ಯಾರ ಮಾತೂ ಇಲ್ಲ, ಬರೀ ಸದ್ದು. ಕರಾವಳಿಯ ಮಕ್ಕಳೆಲ್ಲ ತಲೆ ಎತ್ತಿದರು. ಅದು ಅವರ ಮನೆಯ ಸದ್ದು.

ಪರೀಕ್ಷಕರು ಹಿರಿಯರು. ಕೇಳಿದ ಮೊದಲ ಪ್ರಶ್ನೆಯೇ ಗಟ್ಟಿಯಾದದ್ದು. "ನೋಡಿ ಅಮ್ಮ, ನಿಮ್ಮ ಊರು, ನಿಮ್ಮ ನೆರೆಹೊರೆ. ನಿಮಗೆ ಬೇಕಾದ ಉತ್ತರವನ್ನೇ ಅವರು ಕೊಟ್ಟಿರಬಹುದಲ್ವಾ?"

ಅವಳು ಯೋಚಿಸಿ ಹೇಳಿದಳು. "ನನಗೆ ಬೇಕಾದ್ದನ್ನು ಹೇಳುವುದಾದರೆ ಕೆಲಸ ಉಂಟು ಅನ್ನುತ್ತಿದ್ದರು ಸರ್. ನಾನು ಬೀಡಿ ಬಗ್ಗೆ ಕೇಳಲು ಬಂದವಳು ಅಂತ ಅವರಿಗೆ ಗೊತ್ತಿತ್ತು. ಆದರೂ 11 ಮಂದಿ ಇಲ್ಲ ಅಂದರು." ಅಲ್ಲಿಗೇ ಬಿಡಲಿಲ್ಲ. ಒಂದು ಪುಸ್ತಕಕ್ಕೆ ಮೂವರು ಕಟ್ಟುವ ವಿಷಯ ಊರಿನವಳು ಅಂತಲೇ ತನಗೆ ಹೇಳಿದರು, ಹೊರಗಿನವರಿಗೆ ಹೇಳುತ್ತಿರಲಿಲ್ಲ ಅಂದಳು. ಬೀಡಿ ದುಡ್ಡು ಮನೆಯಲ್ಲಿ ಯಾರ ಕೈಗೆ ಹೋಗುತ್ತದೆ ಅಂತ ತನ್ನಿಂದ ಕೇಳಲಾಗಲಿಲ್ಲ ಅಂತಲೂ ಹೇಳಿದಳು. ಅವರನ್ನೆಲ್ಲ ದೊಡ್ಡಮ್ಮ, ಮಾಮಿ ಅಂತ ಕರೆದು ಬೆಳೆದವಳು, ಆ ಪ್ರಶ್ನೆ ಬಾಯಿಂದ ಹೊರಡಲಿಲ್ಲ ಅಂದಳು. ಇಷ್ಟು ನೇರವಾಗಿ ತನ್ನ ಅಧ್ಯಯನದ ಕೊರತೆಯನ್ನು ಹೇಳಿಕೊಂಡವರನ್ನು ನಾನು ಆ ಹಾಲ್‌ನಲ್ಲಿ ಹೆಚ್ಚು ನೋಡಿಲ್ಲ.

ಇದು ಹೊಸ ಪ್ರಶ್ನೆಯೇನೂ ಅಲ್ಲ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಕ್ಷೇತ್ರಕಾರ್ಯಕ್ಕೆ ಹೋದಾಗಿನಿಂದಲೂ, ತನ್ನ ಸಮಾಜವನ್ನು ತಾನೇ ಅಧ್ಯಯನ ಮಾಡಬಹುದೇ ಅನ್ನುವ ಚರ್ಚೆ ನಮ್ಮ ಶಾಸ್ತ್ರದಲ್ಲಿ ಇದೆ. ಅವರ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋದವು. ಇದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ರೆಕಾರ್ಡಿಂಗನ್ನು ಒಂದೇ ಫೋನಿನಲ್ಲಿ ಇಟ್ಟುಕೊಳ್ಳಬೇಡಿ, ಪ್ರತಿಗಳನ್ನು ಒಂದೇ ಕಡೆ ಇಡಬೇಡಿ ಅಂತ.

ಎರಡನೆಯ ಪ್ರಶ್ನೆಗೆ ಅವಳು ಸೋತಳು. ಬೀಡಿ ಸೇದುವವರ ಆರೋಗ್ಯದ ಬಗ್ಗೆ ನಿಮ್ಮ ನಿಲುವೇನು, ಈ ಕೆಲಸ ಉಳಿಯಬೇಕಾ, ಹೋಗಬೇಕಾ ಅಂತ ಅವರು ಕೇಳಿದರು. "ಅದು ನನ್ನ ಅಧ್ಯಯನದಲ್ಲಿ ಇಲ್ಲ ಸರ್" ಅಂದು ಸುಮ್ಮನಾದಳು. ಇಲ್ಲ ಅನ್ನುವುದು ಸರಿ. ಆದರೆ ಕಟ್ಟುವವರ ಬೆನ್ನುನೋವು, ಹೊಗೆಸೊಪ್ಪಿನ ಪುಡಿಯಿಂದ ಬರುವ ಕೆಮ್ಮು, ಬೇರೆ ಕೆಲಸ ಸಿಕ್ಕರೆ ನಾಳೆಯೇ ಬಿಡುತ್ತೇನೆ ಅಂದ ಇಬ್ಬರ ಮಾತು, ಎಲ್ಲ ಅವಳ ಟಿಪ್ಪಣಿಯಲ್ಲಿತ್ತು. ಪ್ರಶ್ನೆ ಅಲ್ಲಿಗೆ ಹೋಗಬಹುದು ಅಂತ ನಾನು ಅವಳನ್ನು ತಯಾರು ಮಾಡಿರಲಿಲ್ಲ. ಅಂಕ ಸ್ವಲ್ಪ ಹೋಯಿತು.

ಫಲಿತಾಂಶ ಬಂದು ಒಂದು ವಾರದ ಮೇಲೆ, ಒಂದು ಭಾನುವಾರ, ಅವಳ ಮನೆ ಜಗಲಿಯಲ್ಲಿ ಅವಳು ಅದನ್ನೇ ಇನ್ನೊಮ್ಮೆ ಮಂಡಿಸಿದಳು, ತುಳುವಿನಲ್ಲಿ. ನನ್ನನ್ನೂ ಕರೆದಿದ್ದಳು. 14ರಲ್ಲಿ 10 ಹೆಂಗಸರು ಬಂದಿದ್ದರು, ಆರು ಮಂದಿಯ ಮಡಿಲಲ್ಲಿ ತಡ್ಪೆ. ಪ್ರೊಜೆಕ್ಟರ್ ಇಲ್ಲ, ಹಾಳೆಯನ್ನೇ ಗೋಡೆಗೆ ಅಂಟಿಸಿದ್ದಳು. ಅವಳ ಅಮ್ಮ ನನಗೆ ಚಾ ಕೊಟ್ಟು, "ಟೀಚರೇ, ನಮ್ಮದನ್ನೆಲ್ಲ ಕಾಲೇಜಲ್ಲಿ ಹೇಳಿದಳಂತೆ ಹೌದಾ" ಅಂದರು.

23 ಅಂತ ಹೇಳಿದ ಕೂಡಲೇ ಬಾಗಿಲ ಹತ್ತಿರ ಕೂತಿದ್ದವರೊಬ್ಬರು ತಡೆದರು. ತಮ್ಮ ಮನೆಯದು ಇಬ್ಬರಲ್ಲ, ಮೂವರು ಅಂದರು. ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಆದರೆ ಸುತ್ತಿದ ಬೀಡಿಯ ತುದಿ ಮಡಚುವುದು ಅವರೇ, ಬೆರಳಿನ ಅಂದಾಜಿನಲ್ಲಿ. ಇವಳು ಕೇಳಲು ಹೋದ ದಿನ ಅಜ್ಜಿ ಒಳಗೆ ಮಲಗಿದ್ದರಂತೆ. ಹಾಗೇ ಇನ್ನೊಬ್ಬರು, "ನಿನ್ನ ಅಮ್ಮನನ್ನು ಯಾಕೆ ಬಿಟ್ಟೆ?" ಅಂತ ಕೇಳಿದರು. ಅವಳು ನನ್ನ ಕಡೆ ನೋಡಿದಳು. ಬಿಡು ಅಂತ ಹೇಳಿದ್ದು ನಾನು, ಅಂದೆ.

ಕಾಲೇಜಿಗೆ ಕೊಟ್ಟ ಪ್ರತಿಯನ್ನು ಇನ್ನು ತಿದ್ದುವ ಹಾಗಿರಲಿಲ್ಲ. ಅವಳು ಗೋಡೆಯ ಹಾಳೆಯಲ್ಲಿ 23ನ್ನು ಹೊಡೆದುಹಾಕಿ ಪಕ್ಕದಲ್ಲಿ 24 ಅಂತ ಬರೆದಳು.